ಝಿವ್ಕೊ ಹೆಸರಿನ ಕೀಲಿ

ರೂಸೆ ಪಟ್ಟಣದ ರಲಿತ್ಸಾ ಬೊಯಾನೊವಾಗೆ ಸಿಟ್ಟು ಬಂದರೆ ಧ್ವನಿ ಏರುವುದಿಲ್ಲ, ಇಳಿಯುತ್ತದೆ. ಹದಿನಾರು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವಳು. ಆ ಇಳಿದ ಧ್ವನಿ ಕೇಳಿದರೆ ಹಿಂದಿನ ಬೆಂಚಿನ ಪುಂಡರೂ ಕೈಕಟ್ಟಿ ಕೂರುತ್ತಿದ್ದರಂತೆ. ಊರಲ್ಲಿ ಮಕ್ಕಳು ಕಡಿಮೆಯಾಗಿ ತರಗತಿಗಳನ್ನು ಮುಚ್ಚಿದಾಗ ಅವಳು ನಲವತ್ತೊಂದನೇ ವಯಸ್ಸಿನಲ್ಲಿ ಪ್ರೋಗ್ರಾಂ ಬರೆಯಲು ಕಲಿತಳು. ಡ್ಯಾನ್ಯೂಬ್ ದಂಡೆಯ ಹಳೆಯ ಗೋದಾಮಿನಲ್ಲಿದ್ದ ಒಂದು ಸಣ್ಣ ಕಂಪನಿ ಸೇರಿದಳು. ಅದರ ಯಜಮಾನ ಕ್ರಸಿಮಿರ್ ಅವಳದೇ ಹಳೆಯ ವಿದ್ಯಾರ್ಥಿ. ಅವನು ಈಗಲೂ "ಮೇಡಂ" ಎನ್ನುತ್ತಾನೆ, ಅವಳು ಈಗಲೂ ಅವನನ್ನು ಏಕವಚನದಲ್ಲೇ ಮಾತಾಡಿಸುತ್ತಾಳೆ.

ಅಲ್ಲಿ ಅವಳಿಗೆ ಕೆಲಸ ಹೇಳಿಕೊಟ್ಟವನು ಝಿವ್ಕೊ. ಸೂರ್ಯಕಾಂತಿ ಬೀಜ ಕಡಿಯುತ್ತ, ಸಿಪ್ಪೆಯನ್ನು ಚಹಾ ಲೋಟದೊಳಗೆ ಉಗಿಯುತ್ತ ಕೂರುವ ಆಸಾಮಿ. ಇನ್ನೊಬ್ಬರ ತಪ್ಪನ್ನು ತಾನೇ ತಿದ್ದಿ, ಯಾರದೆಂದು ಬಾಯಿಬಿಡದವನು. ಇಬ್ಬರೂ ಸೇರಿ ಒಂದು ಲೈಬ್ರರಿ ಬರೆದರು. ಅಂದರೆ, ಮಿಕ್ಕ ಪ್ರೋಗ್ರಾಂಗಳು ಕರೆದು ಕೆಲಸ ಮಾಡಿಸಿಕೊಳ್ಳುವ ಒಂದು ಕೋಡಿನ ಕಟ್ಟು. ಅದಕ್ಕೆ ಕ್ಲ್ಯುಚಾರ್ ಎಂದು ಹೆಸರಿಟ್ಟರು. ಅವರ ಮಾತಲ್ಲಿ ಕೀಲಿ ಮಾಡುವವನು ಎಂದರ್ಥ. ಅವರ ಗ್ರಾಹಕರ ಸರ್ವರ್‌ಗಳೆಲ್ಲ ಮೂರು ದೊಡ್ಡ ಕಂಪನಿಗಳ ಕ್ಲೌಡ್‌ನಲ್ಲಿ ಇರುತ್ತಿದ್ದವು. ಮೂರು ಖಾತೆ, ಮೂರು ಬಗೆಯ ಬೀಗ. "ಇಂಥವರಿಗೆ ನಾಲ್ಕು ಸರ್ವರ್, ಮಾಹಿತಿ ಇಡಲು ಒಂದು ಉಗ್ರಾಣ" ಎಂದು ನಾಲ್ಕು ಸಾಲು ಬರೆದರೆ ಕ್ಲ್ಯುಚಾರ್ ತಾನೇ ಬೀಗ ತೆಗೆದು ಒಳಹೋಗಿ ಎಲ್ಲವನ್ನೂ ಎಬ್ಬಿಸಿ ನಿಲ್ಲಿಸುತ್ತಿತ್ತು. ಅಳಿಸು ಎಂದರೆ ಅಳಿಸುತ್ತಿತ್ತು.

ಆದರೆ ಖಾತೆಗಳನ್ನು ಅದಕ್ಕೆ ಜೋಡಿಸಿಕೊಡಲು ಮೊದಲಿಗೆ ಒಂದು ಹೆಸರು ಬೇಕಿತ್ತು. "ಸದ್ಯಕ್ಕೆ ನಂದೇ ಇರ್ಲಿ ಬಿಡಿ, ಆಮೇಲೆ ಬದಲಾಯಿಸೋಣ" ಎಂದ ಝಿವ್ಕೊ. ಆ ಸದ್ಯಕ್ಕೆ ಎಂಬುದು ಏಳು ವರ್ಷ ನಡೆಯಿತು. ಅಪ್ಪಣೆ ಯಾರೇ ಕೊಡಲಿ, ಕ್ಲೌಡಿನ ದಾಖಲೆಯಲ್ಲಿ ಬೀಳುತ್ತಿದ್ದುದು ಝಿವ್ಕೊ ಹೆಸರು.

ಅಕ್ಟೋಬರ್ ಒಂಬತ್ತರಂದು ಝಿವ್ಕೊ ಎದೆನೋವಿನಿಂದ ತೀರಿಕೊಂಡ. ಪದ್ಧತಿಯಂತೆ ಮನೆಯ ಬಾಗಿಲಿಗೂ ಕಚೇರಿಯ ಬಾಗಿಲಿಗೂ ಅವನ ಫೋಟೊ ಇರುವ ಸಾವಿನ ಕಾಗದ ಅಂಟಿಸಿದರು. ಮಣ್ಣು ಮಾಡಿ ಬಂದ ಮರುದಿನ ಅವನ ಹೆಂಡತಿ ತೊಡೊರ್ಕಾ ರಲಿತ್ಸಾಗೆ ಫೋನ್ ಮಾಡಿದಳು.

"ರಲಿ, ಬೆಳಿಗ್ಗೆ ಏಳು ಗಂಟೆಗೆ ಝಿವ್ಕೊ ಫೋನಿಗೆ ಮೆಸೇಜ್ ಬಂತು ಕಣೇ. 'ಝಿವ್ಕೊ ಒಳಗೆ ಬಂದಿದ್ದಾರೆ, ಹನ್ನೆರಡು ಸರ್ವರ್ ಶುರು ಮಾಡಿದ್ದಾರೆ' ಅಂತ. ಏನಿದು?"

"ಅದು ಯಂತ್ರ ಅಕ್ಕಾ. ಅವನ ಹೆಸರಲ್ಲಿ ಅದರ ಪಾಡಿಗೆ ಅದು ನಡೀತಿದೆ. ಈ ಮೆಸೇಜ್ ಅವನಿಗೆ ದಿನಾ ಬರ್ತಿತ್ತು."

"ನಿಮ್ಮ ಆಫೀಸಲ್ಲಿ ಸತ್ತವರಿಗೂ ರಜೆ ಇಲ್ವಾ?"

ರಲಿತ್ಸಾ ನೇರ ಕ್ರಸಿಮಿರ್ ಕೋಣೆಗೆ ನುಗ್ಗಿದಳು. ಹೆಸರು ಬದಲಾಯಿಸಲು ಕಂಪನಿಯ ಯಜಮಾನನೇ ಒಪ್ಪಿಗೆ ಕೊಡಬೇಕು, ಅವಳ ಕೈಯಲ್ಲಾಗದು.

"ಮಾಡೋಣ ಮೇಡಂ. ಮೂರು ಖಾತೆನೂ ಬಿಚ್ಚಿ ಮತ್ತೆ ಜೋಡಿಸ್ಬೇಕು, ಅರ್ಧ ದಿನ ಎಲ್ಲ ನಿಲ್ಲುತ್ತೆ. ಹೊಸ ವರ್ಷ ಕಳೀಲಿ."

ಹೊಸ ವರ್ಷ ಕಳೆಯಿತು. ಚಳಿ ಕಳೆಯಲಿ ಎಂದ. ಚಳಿಯೂ ಕಳೆಯಿತು. ಒಬ್ಬ ಮನುಷ್ಯನನ್ನು ಮಣ್ಣಿನಲ್ಲಿಟ್ಟು ಅವನ ಕೈಲಿ ದಿನವೂ ಚಾಕರಿ ಮಾಡಿಸಲು ಇವರಿಗೆ ನಾಚಿಕೆಯಾಗಲಿಲ್ಲ. ಬಿಚ್ಚಿ ಜೋಡಿಸುವ ಅರ್ಧ ದಿನವೇ ಇವರಿಗೆ ದೊಡ್ಡದಾಯಿತು.

ಮಾರ್ಚ್ ಹದಿನಾಲ್ಕರಂದು ಕ್ರಸಿಮಿರ್‌ಗೆ ಮನೆ ಗುಡಿಸುವ ಹುರುಪು ಬಂತು. ಬಳಕೆಯಲ್ಲಿಲ್ಲದ ಉಗ್ರಾಣಗಳನ್ನೆಲ್ಲ ಅಳಿಸಲು ಕ್ಲ್ಯುಚಾರ್‌ಗೆ ತಾನೇ ಅಪ್ಪಣೆ ಬರೆದ. "ಕಸ ಎಲ್ಲ ತೆಗೆದೆ ನೋಡಿ" ಎಂದು ಕಾಫಿ ಯಂತ್ರದ ಮುಂದೆ ಎಲ್ಲರೆದುರು ಜಂಬ ಕೊಚ್ಚಿಕೊಂಡ. ಆ ಕಸದಲ್ಲಿ ಊರಿನ ಒಂದು ಖಾಸಗಿ ರಕ್ತಪರೀಕ್ಷಾ ಕೇಂದ್ರದ ಹನ್ನೊಂದು ದಿನದ ವರದಿಗಳಿದ್ದವು. ನೂರಾರು ಜನ ಮತ್ತೆ ಬಂದು ತೋಳು ಚುಚ್ಚಿಸಿಕೊಳ್ಳಬೇಕಾಯಿತು.

ಕೇಂದ್ರದ ಮುಖ್ಯಸ್ಥೆ ಡಾಕ್ಟರ್ ವಾಸಿಲೇವಾ ಬರಹದಲ್ಲಿ ವಿವರಣೆ ಕೇಳಿದರು. ಕ್ರಸಿಮಿರ್ ಬರೆದದ್ದನ್ನು ರಲಿತ್ಸಾ ಪ್ರಿಂಟರಿನಲ್ಲಿ ಕಂಡಳು. "ದಾಖಲೆಯ ಪ್ರಕಾರ ವರದಿಗಳು ಅಳಿಸಿಹೋದದ್ದು ಉದ್ಯೋಗಿ ಝಿವ್ಕೊ ಪೆಂಚೆವ್ ಅವರ ಖಾತೆಯಿಂದ. ಅವರು ಈಗ ನಮ್ಮಲ್ಲಿಲ್ಲ."

ಅವಳು ಅದನ್ನು ಎರಡು ಸಲ ಓದಿದಳು. ಒಂದೊಂದು ಮಾತೂ ನಿಜ, ಒಟ್ಟಿಗೆ ಶುದ್ಧ ಸುಳ್ಳು. ಮೈ ಉರಿದುಹೋಯಿತು.

"ಇದನ್ನ ಹರಿದು ಹಾಕು" ಎಂದಳು. ಧ್ವನಿ ಆಗಲೇ ಇಳಿದಿತ್ತು.

"ಮೇಡಂ, ಅವ್ರಿಗೆ ಇದ್ರಿಂದ ಏನು ನಷ್ಟ ಹೇಳಿ? ಬೈಸ್ಕೊಳ್ಳೋಕೆ ಅವ್ರೇ ಇಲ್ಲ. ಕಂಪನಿ ಉಳೀಬೇಕಲ್ಲ?"

"ಅವನ ಹೆಸರಿದೆ. ತೊಡೊರ್ಕಾ ಇದೇ ಊರಲ್ಲಿ ಮಾರ್ಕೆಟ್ಟಿಗೆ ಹೋಗ್ಬೇಕು."

ಕ್ರಸಿಮಿರ್ ಕಾಗದವನ್ನು ಕವರಿಗೆ ಹಾಕಿ ಅಂಟಿಸಿದ. ಅವಳು ರಾಜೀನಾಮೆ ಬರೆದಳು. ಆಮೇಲೆ ಅದನ್ನು ಡ್ರಾಯರಿಗೆ ತಳ್ಳಿದಳು. ತಾನೂ ಹೋದರೆ ಝಿವ್ಕೊನ ಪರವಾಗಿ ಆ ಗೋದಾಮಿನಲ್ಲಿ ಬಾಯಿ ಬಿಡುವವರು ಯಾರು?

ಏಪ್ರಿಲ್ ಒಂಬತ್ತರಂದು ಡಾಕ್ಟರ್ ವಾಸಿಲೇವಾ ಮಾತುಕತೆಗೆ ತಾವೇ ಬಂದರು. ಅಂದೇ ಝಿವ್ಕೊ ಹೋಗಿ ಆರು ತಿಂಗಳು. ತೊಡೊರ್ಕಾ ಕಪ್ಪು ಸ್ಕಾರ್ಫ್ ಕಟ್ಟಿ, ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿ ಕಚೇರಿಗೆ ತಂದಿದ್ದಳು. ಮೇಲೆ ಆಕ್ರೋಟು, ಸಕ್ಕರೆ ಪುಡಿ. ಅವಳಿಗೆ ಕ್ರಸಿಮಿರ್ ಬರೆದ ವಿವರಣೆಯ ವಿಷಯ ಗೊತ್ತಿರಲಿಲ್ಲ. ರಲಿತ್ಸಾ ಅವಳ ಕೈಯಿಂದ ತಟ್ಟೆ ಇಸಿದುಕೊಂಡು, "ಬಾ ಅಕ್ಕಾ, ಮೊದಲು ಕ್ರಸಿಮಿರ್‌ಗೆ ಕೊಡೋಣ" ಎಂದು ಮಾತುಕತೆ ನಡೆಯುತ್ತಿದ್ದ ಅವನ ಕೋಣೆಯ ಮುಚ್ಚಿದ ಬಾಗಿಲು ತೆರೆದಳು.

ಆ ಗೋಧಿಯನ್ನು ಬೇಡ ಎನ್ನುವವರು ಆ ಊರಲ್ಲಿ ಹುಟ್ಟಿಲ್ಲ. ಕ್ರಸಿಮಿರ್ ತೊಡೊರ್ಕಾಳ ಮುಖ ನೋಡಿದ, ಎದ್ದು ನಿಂತ, ತಟ್ಟೆಯಲ್ಲಿದ್ದ ಗೋಧಿಯ ಪುಟ್ಟ ಬಟ್ಟಲೊಂದನ್ನು ತೆಗೆದುಕೊಂಡ. "ದೇವರು ಅವನನ್ನ ಕ್ಷಮಿಸ್ಲಿ" ಎಂದು ಹೇಳಲೇಬೇಕಾದ ಮಾತು ಹೇಳಿ ಒಂದು ಚಮಚ ಬಾಯಿಗಿಟ್ಟ.

ಡಾಕ್ಟರೂ ಎದ್ದು ಒಂದು ಬಟ್ಟಲು ಹಿಡಿದರು. "ದೇವರು ಕ್ಷಮಿಸ್ಲಿ. ಯಾರ ಹೆಸರಲ್ಲಿ, ತಾಯಿ?"

"ನನ್ನ ಗಂಡ, ಝಿವ್ಕೊ ಪೆಂಚೆವ್. ಇಲ್ಲೇ ಕೆಲಸ ಮಾಡ್ತಿದ್ದ. ಇವತ್ತಿಗೆ ಆರು ತಿಂಗಳಾಯ್ತು."

ಡಾಕ್ಟರ್ ಮೇಜಿನ ಮೇಲಿದ್ದ ವಿವರಣೆಯ ಕಾಗದವನ್ನು ನೋಡಿದರು. ಬೆರಳಿನಲ್ಲಿ ತಿಂಗಳು ಎಣಿಸಿದರು.

"ಹಾಗಾದ್ರೆ ಮಾರ್ಚಲ್ಲಿ ನನ್ನ ವರದಿಗಳನ್ನ ಅಳಿಸಿದ್ದು ಯಾರು?"

ಕ್ರಸಿಮಿರ್ ಬಾಯಲ್ಲಿ ಗೋಧಿ ಹಾಗೇ ಇತ್ತು. ನುಂಗಲಾಗಲಿಲ್ಲ, ಉಗಿಯುವ ಹಾಗಿರಲಿಲ್ಲ. ತೊಡೊರ್ಕಾ ಏನೂ ತಿಳಿಯದೆ ಇವರ ಮುಖ ಅವರ ಮುಖ ನೋಡಿದಳು. ರಲಿತ್ಸಾ ಬಾಗಿಲಿಗೆ ಒರಗಿ ನಿಂತು ಕಾದಳು, ಕರಿಹಲಗೆಯ ಮುಂದೆ ಕರೆದ ಹುಡುಗ ಉತ್ತರ ಹೇಳುವವರೆಗೂ ಕಾಯುವಂತೆ.

"ನಾನು" ಎಂದ ಕ್ರಸಿಮಿರ್ ಕೊನೆಗೆ.

"ಅದನ್ನೇ ಬರೆದು ಸಂಜೆಯೊಳಗೆ ಕಳಿಸಿ" ಎಂದು ಡಾಕ್ಟರ್ ಹೇಳಿದರು. ತೊಡೊರ್ಕಾಳ ಕೈ ಹಿಡಿದುಕೊಂಡೇ ಹೊರನಡೆದರು.

ಮಧ್ಯಾಹ್ನ ಕ್ರಸಿಮಿರ್ ಮೂರೂ ಖಾತೆ ಬಿಚ್ಚಿದ. ಅರ್ಧ ದಿನವೂ ಬೇಕಾಗಲಿಲ್ಲ, ಐವತ್ತು ನಿಮಿಷ ಸಾಕಾಯಿತು. ಮತ್ತೆ ಜೋಡಿಸುವಾಗ ಪರದೆಯ ಮೇಲೆ ಹೊಣೆಗಾರರ ಹೆಸರು ಕೇಳಿತು.

"ಯಾರದ್ದು ಹಾಕ್ಲಿ ಮೇಡಂ? ಸದ್ಯಕ್ಕೆ ನಿಮ್ಮ ಹೆಸರೇ..."

"ನಿಂದು ಬರಿ." ಧ್ವನಿ ಪಿಸುಮಾತಿಗೆ ಇಳಿದಿತ್ತು. "ಪರೀಕ್ಷೆಲಿ ಉತ್ತರಪತ್ರಿಕೆ ಮೇಲೆ ಬರೀತಿದ್ದೆಯಲ್ಲ, ಹಾಗೆ. ನಿಂದು, ನಿಮ್ಮಪ್ಪಂದು, ಮನೆತನದ್ದು. ಮೂರೂ."

ಅವನು ಮೂರೂ ಬರೆದ. ಅವಳು ಕನ್ನಡಕ ಹಾಕಿಕೊಂಡು ಒಂದೊಂದು ಅಕ್ಷರವನ್ನೂ ಓದಿ ನೋಡಿದಳು.

ಮರುದಿನ ಬೆಳಿಗ್ಗೆ ಏಳೂಕಾಲಿಗೆ ತೊಡೊರ್ಕಾ ಫೋನ್ ಮಾಡಿದಳು.

"ಮೆಸೇಜ್ ಬರಲಿಲ್ಲ ಕಣೇ ರಲಿ" ಎಂದಳು. "ಇವತ್ತು ಅವನಿಗೆ ರಜೆ ಸಿಕ್ತು."