ಹದಿನೈದು ಮೊಳದ ಬೆಳಕು

ಬಿಸಿಲಿಗೆ ಕಾದ ಕಂಬಳಿಯ ವಾಸನೆ ನಿಮಗೂ ಗೊತ್ತಿರಬಹುದು: ಕುರಿಯ ಮೈ, ಹುಣಸೆಬೀಜದ ಗಂಜಿ, ಒಂದಿಷ್ಟು ಹಳೆಯ ಧೂಳು. ಮೊನ್ನೆ ಹರಪನಹಳ್ಳಿಯಲ್ಲಿ ನಾನು ಪಾಠ ಹೇಳುವ ಶಾಲೆಗೆ ಹೊಸ ಪ್ರೊಜೆಕ್ಟರ್ ಬಂತು. ಕೋಣೆ ಕತ್ತಲಾಗಲೆಂದು ಯಾರೋ ಕಿಟಕಿಗೆ ಕಂಬಳಿ ಕಟ್ಟಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಕೊಟ್ಟೂರಿನ ಮನೆಯ ಪಡಸಾಲೆಯಲ್ಲಿದ್ದೆ, ಒಂಬತ್ತು ವರ್ಷದವಳಾಗಿ.

ಅದು ನನ್ನ ತಾಯಿಯ ತವರು. ನಾನು ಎರಡು ವರ್ಷದವಳಿದ್ದಾಗಲೇ ತಾಯಿ ತೀರಿಕೊಂಡಿದ್ದರಿಂದ ಅಜ್ಜಿಯೇ ನನ್ನನ್ನು ಸಾಕಿದಳು. ಉದ್ದನೆಯ ಮನೆ, ನಡುವೆ ಜೋಡಿ ಕದದ ದೊಡ್ಡ ಬಾಗಿಲು. ಮಾವಂದಿರಿಬ್ಬರೂ ಬೇರೆಯಾದ ಮೇಲೆ ಆ ಬಾಗಿಲಿಗೆ ಎರಡೂ ಕಡೆಯಿಂದ ಚಿಲಕ ಬಿತ್ತು. ಮುಂದಿನ ಪಡಸಾಲೆ ಸಣ್ಣ ಮಾವನದು, ಹಿಂದಿನ ಅಡುಗೆಮನೆ ದೊಡ್ಡ ಮಾವನದು. ಇಬ್ಬರಿಗೂ ನಾಲ್ಕು ವರ್ಷದಿಂದ ಮಾತಿರಲಿಲ್ಲ. ಜಗಳ ಯಾವುದಕ್ಕೆ ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಾರಣ ಹೇಳುತ್ತಿದ್ದರು.

ಸಣ್ಣ ಮಾವ ಫೋಟೋ ತೆಗೆಯುವವನು. ಒಂದು ದಿನ ಎಲ್ಲಿಂದಲೋ ಹಳೆಯ ಸ್ಲೈಡ್ ಪ್ರೊಜೆಕ್ಟರ್ ಹೊತ್ತು ತಂದ. ತಂಗಿಯದು, ಅಂದರೆ ನನ್ನ ತಾಯಿಯದು, ಅವನ ಹತ್ತಿರ ಒಂದೇ ಒಂದು ಸ್ಲೈಡಿತ್ತು. ಅಂಚೆಚೀಟಿಯಷ್ಟು ಚಿತ್ರ, ಬೆಳಕು ಹಾಯಿಸಿದರೆ ಗೋಡೆಯ ಮೇಲೆ ದೊಡ್ಡದಾಗಿ ಮೂಡುವಂಥದು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ಆಪರೇಷನ್ ಎಂದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಸಾಯುವುದರೊಳಗೆ ಮಗಳ ಮುಖವನ್ನು ಗೋಡೆಯ ಮೇಲೆ ನೋಡಬೇಕೆಂದು ಹಟ ಹಿಡಿದಳು. ನನಗಂತೂ ತಾಯಿಯ ಮುಖ ನೆನಪೇ ಇರಲಿಲ್ಲ. ಆ ಯಂತ್ರವನ್ನು ದಿನಕ್ಕೆ ಹತ್ತು ಸಲ ಮುಟ್ಟಿ ನೋಡುತ್ತಿದ್ದೆ.

ಹಿಂದೆ ಮುಂದೆ ಸರಿಸಿ ಸರಿಸಿ ಮಾವ ಲೆಕ್ಕ ಕಂಡುಹಿಡಿದ. ಚಿತ್ರ ಎಷ್ಟು ಅಗಲ ಬೇಕೋ ಅದರ ಎರಡೂವರೆ ಪಟ್ಟು ದೂರದಲ್ಲಿ ಯಂತ್ರ ಇಡಬೇಕು. ಮನೆಯಲ್ಲಿ ಟೇಪು ಇತ್ತು, ಅಜ್ಜಿ ಅದನ್ನು ನಂಬುತ್ತಿರಲಿಲ್ಲ. ಮೊಳಕೈಯಿಂದ ನಡುಬೆರಳಿನವರೆಗೆ ತನ್ನದೇ ಮೊಳ ಹಾಕುತ್ತ ನೆಲದ ಮೇಲೆ ಸರಿದಳು. ಮೂರು ಮೊಳದ ಚಿತ್ರಕ್ಕೆ ಏಳೂವರೆ ಮೊಳ. ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಕಂಬಳಿ ಬಿದ್ದವು, ಯಂತ್ರದ ದೀಪ ಹತ್ತಿತು. ಅಜ್ಜಿ ಕಣ್ಣು ಕಿರಿದು ಮಾಡಿ, ಗೋಡೆಯ ಮೇಲೆ ಚಿತ್ರ ಸರಿಯಾಗಿ ನಿಲ್ಲುವ ಮೊದಲೇ ದೀಪ ಆರಿಸಲು ಹೇಳಿದಳು.

“ಕಾಣವಲ್ದೋ. ಇನ್ನಾ ದೊಡ್ಡದು ಮಾಡು.”

“ಎಷ್ಟು ದೊಡ್ಡದಬೇ?”

“ಗ್ವಾಡಿ ತುಂಬ.”

ಗೋಡೆ ಆರು ಮೊಳ. ಅಂದರೆ ಯಂತ್ರ ಹದಿನೈದು ಮೊಳ ಹಿಂದೆ ಹೋಗಬೇಕು. ಎಂಟನೆಯ ಮೊಳಕ್ಕೇ ಅಜ್ಜಿಯ ಬೆರಳು ಮುಚ್ಚಿದ ಬಾಗಿಲಿಗೆ ತಾಗಿತು. “ಉಳಿದ ಏಳು ಮೊಳ ಆಚಿಗಿ ಐತಿ,” ಎಂದಳು.

“ಕದಕ್ಕ ಒಂದು ತೂತು ಕೊರದರಾತು. ಮಷೀನು ಈ ಹುಡುಗಿ ಹಿತ್ತಲಕಡಿಂದ ಒಯ್ದು ಇಡ್ತಾಳ,” ಎಂದ ಮಾವ. ಅಣ್ಣನ ಮುಖ ನೋಡದೇ ಕೆಲಸ ಮುಗಿಸುವ ಹಂಚಿಕೆ.

“ಏಳು ಮೊಳ ಬರೋದ್ರಾಗ ಬೆಳಕು ಹಿಗ್ಗಿರತೈತಿ. ತೂತಿನ್ಯಾಗ ಹಿಡಸತೈತೇನು?” ಎಂದಳು ಅಜ್ಜಿ.

ಮಾವ ಇದ್ದಿಲಿನಿಂದ ನೆಲದ ಮೇಲೆ ಲೆಕ್ಕ ಹಾಕಿದ, ಅಳಿಸಿದ, ಮತ್ತೆ ಹಾಕಿದ. ಬಾಗಿಲ ಹತ್ತಿರ ಬರುವಾಗ ಬೆಳಕಿನ ಅಗಲ ಹೆಚ್ಚೂಕಡಿಮೆ ಮೂರು ಮೊಳ. ಬಾಗಿಲೂ ಮೂರು ಮೊಳ. ಒಂದೇ ಕದ ತೆಗೆದರೆ ತಾಯಿಯ ಮುಖ ಅರ್ಧಕ್ಕೆ ಕತ್ತರಿಸಿ ಹೋಗುತ್ತಿತ್ತು. ಅವನು ತಲೆ ತಗ್ಗಿಸಿ ತನ್ನ ಕಡೆಯ ಚಿಲಕ ಸರಿಸಿದ. ಅಜ್ಜಿ ಕದ ತಟ್ಟಿದಳು.

“ಲೇ ದೊಡ್ಡಾವ, ನಿನ್ನ ಒಲಿ ಮುಂದ ಸ್ವಲ್ಪ ಜಾಗ ಬೇಕಾಗೇತಿ. ನಿನ್ನ ತಂಗೀನ ನೋಡಬೇಕು.”

ಅಜ್ಜಿ ಮತ್ತೊಮ್ಮೆ ತಟ್ಟಿದಳು. ನನಗೆ ಅಳುವೇ ಬಂತು. ಆಮೇಲೆ ಚಿಲಕ ಕಿರುಗುಟ್ಟಿತು. ದೊಡ್ಡ ಮಾವ ಯಾರ ಮುಖವನ್ನೂ ನೋಡದೆ, ರೊಟ್ಟಿ ಹಿಟ್ಟಿನ ಡಬ್ಬಿಯನ್ನು ಒಲೆಯ ಮುಂದೆ ಎಳೆದು ಯಂತ್ರಕ್ಕೆ ಪೀಠ ಮಾಡಿದ. ದೀಪ ಹತ್ತಿದಾಗ ಬೆಳಕು ಚೌಕಟ್ಟಿಗೆ ತಾಗುತ್ತಿತ್ತು.

“ಸ್ವಲ್ಪ ಎಡಕ್ಕ,” ಎಂದ ಸಣ್ಣ ಮಾವ.

“ಇಷ್ಟಾ?”

“ಇನ್ನೆರಡು ಬೆರಳು, ಅಣ್ಣಾ.”

ನಾಲ್ಕು ವರ್ಷದ ಮೇಲೆ ಅವರು ಆಡಿದ ಮೊದಲ ಮಾತು ಇಷ್ಟೇ.

ಗೋಡೆಯ ತುಂಬ ನನ್ನ ತಾಯಿ ಬಂದಳು. ನಗುತ್ತಿದ್ದಳು. ಕ್ಯಾಲೆಂಡರಿನ ಮೊಳೆ ಅವಳ ಮೂಗುಬೊಟ್ಟಿನ ಪಕ್ಕದಲ್ಲೇ ಇತ್ತು. ನಾನು ಓಡಿಹೋಗಿ ಅವಳ ಕೆನ್ನೆಗೆ ಅಂಗೈ ಇಟ್ಟೆ. ನನ್ನ ನೆರಳು ಬಿದ್ದು ಚಿತ್ರ ಕೆಟ್ಟರೂ ಯಾರೂ ಗದರಲಿಲ್ಲ. ಅಜ್ಜಿಗೂ ಕಂಡಿತೇ ಎಂದು ತಿರುಗಿ ನೋಡಿದೆ. ಅಜ್ಜಿ ಗೋಡೆಯ ಕಡೆ ನೋಡುತ್ತಲೇ ಇರಲಿಲ್ಲ. ಮಗಳಿಗೆ ಬೆನ್ನು ಹಾಕಿ, ತೆರೆದ ಬಾಗಿಲಾಚೆ ಒಂದೇ ಯಂತ್ರದ ಮೇಲೆ ಬಾಗಿದ್ದ ಎರಡು ತಲೆಗಳನ್ನು ನೋಡುತ್ತ ಕೂತಿದ್ದಳು.

“ಕಂಡತೇನಬೇ?” ಸಣ್ಣ ಮಾವ ಕೂಗಿ ಕೇಳಿದ.

“ಈಗ ಕಂಡತಪಾ,” ಎಂದಳು.

ಅಜ್ಜಿ ಇರುವ ತನಕ ಆ ಬಾಗಿಲಿಗೆ ಮತ್ತೆ ಚಿಲಕ ಬೀಳಲಿಲ್ಲ. ಈಗ ಅಜ್ಜಿಯಿಲ್ಲ, ಮಾವಂದಿರಿಲ್ಲ. ಮನೆ ಇದ್ದಲ್ಲಿ ಮೆಕ್ಕೆಜೋಳದ ಗೋದಾಮಿದೆ. ಆ ಸ್ಲೈಡಿಗೂ ಬೂಷ್ಟು ಹಿಡಿಯಿತು.

“ದೂರ ಏನ್ ಬ್ಯಾಡ್ರಿ ಮೇಡಂ, ಪರದಿಯಿಂದ ಒಂದು ಮೊಳ ಇದ್ರ ಸಾಕು,” ಎಂದ ಪ್ರೊಜೆಕ್ಟರ್ ಕೂರಿಸಲು ಬಂದಾತ. ಬೋರ್ಡಿನ ನೆತ್ತಿಯ ಮೇಲೇ ಅದನ್ನು ಸಿಕ್ಕಿಸಿದ. ಅನುಕೂಲವೇ, ನಾನೇಕೆ ಸುಳ್ಳು ಹೇಳಲಿ. ಆದರೂ ಎಲ್ಲರೂ ಹೋದ ಮೇಲೆ ಮೊಳಕೈಯನ್ನು ಬೋರ್ಡಿನ ಗೋಡೆಗೆ ಊರಿ, ನೆಲದ ಮೇಲೆ ಮೊಳ ಹಾಕುತ್ತ ಹಿಂದೆ ಸರಿದೆ. ಹದಿನೈದನೆಯ ಮೊಳಕ್ಕೆ ನಾನು ಬಾಗಿಲು ದಾಟಿದ್ದೆ. ಅಲ್ಲಿ ಯಾರೂ ಇರಲಿಲ್ಲ.