ಬೆನ್ನ ಹಿಂದಿನ ಕೈಗಳು

ತುಮಕೂರಿನ ಸದಾಶಿವನಗರದ ಶಿಶುವಿಹಾರದಲ್ಲಿ ಯಾವ ಮಗುವಿನ ಶೂ ಲೇಸಿಗೆ ಗಂಟು ಬಿದ್ದರೂ ಮುನವ್ವರಾ ಮಿಸ್ ಮೊದಲು ತಮ್ಮ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾರೆ. ಆಮೇಲೆ ಮಗುವಿನೆದುರು ಕುಕ್ಕರಗಾಲಲ್ಲಿ ಕೂತು, "ಯಾವ ಎಳೆ ಮೇಲಿದೆ, ನೋಡು ಕಂದ" ಎನ್ನುತ್ತಾರೆ. ಮಗು ಎಳೆದು ಗಂಟು ಇನ್ನಷ್ಟು ಬಿಗಿಯಾದರೆ, "ಎಳೀಬಾರ್ದು ಅಂತ ಗೊತ್ತಾಯ್ತಲ್ಲ" ಎಂದು ಅದಕ್ಕೂ ಖುಷಿಪಡುತ್ತಾರೆ. ಗೇಟಿನಲ್ಲಿ ಕಾಯುವ ಅಮ್ಮಂದಿರು, "ನೀವೇ ಬಿಚ್ಬಿಡಿ ಮಿಸ್, ಆಟೋ ಹೊರಟೋಗುತ್ತೆ" ಎಂದು ಗೊಣಗಲಿ, ಊರಿನ ಆಟೋಗಳೆಲ್ಲ ಕುಣಿಗಲ್ ಸೇರಲಿ, ಆ ಕೈಗಳು ಮುಂದೆ ಬರುವುದಿಲ್ಲ. ಹಾಗೆಂದು ಅವು ಸುಮ್ಮನೂ ಇರುವುದಿಲ್ಲ. ಮಗು ತಡವರಿಸುವಷ್ಟು ಹೊತ್ತೂ ದುಪಟ್ಟಾದ ಅಂಚಿಗೆ ಗಂಟು ಹಾಕುತ್ತಿರುತ್ತವೆ. ಮೊನ್ನೆ ಮಿಸ್ ಆ ಗಂಟನ್ನು ಅವಸರದಲ್ಲಿ ಎಳೆಯಹೋದಾಗ ಪುಟ್ಟ ಅಸ್ಫಿಯಾ, "ಎಳೀಬಾರ್ದು ಮಿಸ್, ಯಾವ ಎಳೆ ಮೇಲಿದೆ ನೋಡಿ" ಎಂದು ತನ್ನೆರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.