ಶುಭಕ್ಕೂ ಅಶುಭಕ್ಕೂ ಒಂದೇ ಕೀಬೋರ್ಡ್

ಎರಡು ಸಾವಿರದ ಇಸವಿ ದಾಟಿದ ಮೇಲಿನ ಕೆಲವು ವರ್ಷ ನಾನು ಬ್ಯಾಡಗಿಯ ಒಂದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ ಟೈಪ್ ಮಾಡುತ್ತಿದ್ದೆ. ಅಲ್ಲಿ ಕಂಪ್ಯೂಟರ್ ಎರಡು, ಕೀಬೋರ್ಡ್ ಒಂದೇ. ನಡುವೆ ಸಾಬೂನು ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಅದಕ್ಕೊಂದು ತಿರುಗುಣಿ. ಎಡಕ್ಕೆ ತಿರುವಿದರೆ ಹೊಡೆದ ಅಕ್ಷರ ಎಡಗಡೆಯ ಕಂಪ್ಯೂಟರಿಗೆ, ಬಲಕ್ಕೆ ತಿರುವಿದರೆ ಬಲಗಡೆಯದಕ್ಕೆ. ಮೌಸ್ ಮಾತ್ರ ಬೇರೆ ಬೇರೆ. "ಹೊಡಿಯಾಕಿ ನೀ ಒಬ್ಬಾಕಿ, ಎರಡ ಕೀಬೋರ್ಡ್ ಯಾಕ ಬೇಕ ತಂಗಿ? ಮೆಣಸಿನಕಾಯಿ ಧೂಳಿಗೆ ಹಾಳಾಗಾಕ?" ಎನ್ನುತ್ತಿದ್ದರು ಮಾಲಕರು.

ಹಾಗಾದರೆ ಕಂಪ್ಯೂಟರ್ ಎರಡು ಯಾಕೆ? ಲಗ್ನಪತ್ರಿಕೆ, ಕೂಸಿನ ಕೂದಲು ತೆಗೆಸುವ ಜವಳ, ಗೃಹಪ್ರವೇಶ ಎಲ್ಲ ಎಡಗಡೆಯದರಲ್ಲಿ, ತೀರಿಕೊಂಡವರ ಕಾರ್ಡು ಬಲಗಡೆಯದರಲ್ಲಿ. ಎರಡೂ ಒಂದೇ ಹೊಟ್ಟೆಯಲ್ಲಿ ಇರಬಾರದೆಂಬುದು ಮಾಲಕರ ಶಾಸ್ತ್ರ. ಶುಕ್ರವಾರ ಎಡಗಡೆಯದಕ್ಕೆ ಕುಂಕುಮ ಹಚ್ಚುವರು, ಬಲಗಡೆಯದನ್ನು ಬಟ್ಟೆಯಿಂದ ಒರೆಸಿ ಬಿಡುವರು. ಎರಡಕ್ಕೂ ದುಡಿಯುವ ಕೀಬೋರ್ಡಿಗೆ ಏನು ಮಾಡಬೇಕೆಂದು ತಿಳಿಯದೆ ದೂರದಿಂದಲೇ ಕೈ ಮುಗಿಯುವರು. ನನಗೆ ನಗು ತಡೆಯುತ್ತಿರಲಿಲ್ಲ.

ನಾನು ಹಾವೇರಿಯಲ್ಲಿ ಹಳೆಯ ಟೈಪ್‌ರೈಟರ್ ಮೇಲೆ ಕಲಿತವಳು. ಕಣ್ಣು ಬರೆದುಕೊಟ್ಟ ಹಾಳೆ ಬಿಟ್ಟು ಅಲುಗಿದರೆ ಬೆರಳಿಗೆ ಸ್ಕೇಲಿನ ಏಟು ಬೀಳುತ್ತಿತ್ತು. ಹಾಗಾಗಿ ಕಂಪ್ಯೂಟರಿನಲ್ಲೂ ಪರದೆ ನೋಡದೆ ಹೊಡೆಯುತ್ತಿದ್ದೆ. ಅದೇ ನನ್ನ ಸೊಕ್ಕು.

ಅಪ್ಪ ತೀರಿಕೊಂಡ ನಾಲ್ಕನೆಯ ದಿನ ಪ್ರೆಸ್ಸಿಗೆ ಹೋದೆ. ಅವನ ಶಿವಗಣಾರಾಧನೆಯ ಕಾರ್ಡನ್ನು ಬೇರೆ ಯಾರಾದರೂ ಹೊಡೆಯುವುದು ನನಗೆ ಬೇಡವಾಗಿತ್ತು. ಅಲ್ಲಿ ವಯಸ್ಸಾದ ಕಾಕಾ ಒಬ್ಬರು ಮಗಳ ಲಗ್ನಪತ್ರಿಕೆಯ ಮೊದಲ ಪ್ರತಿಗಾಗಿ ಕಾದು ಕುಳಿತಿದ್ದರು. ಅದನ್ನು ಕದರಮಂಡಲಗಿ ಹನುಮಪ್ಪನ ಮುಂದಿಟ್ಟು, ಅಲ್ಲಿಂದ ನೇರ ಹಲಗೇರಿಯ ಬೀಗರಿಗೆ ಒಯ್ದು ಕೊಡಬೇಕಿತ್ತು.

"ಮದಲಿನ ಸಂಬಂಧ ಅಪಶಕುನ ಆತು ಅಂತ ಮುರದ ಹೋತವಾ. ಈ ಬೀಗರೂ ಶಕುನ ಭಾಳ ನೋಡ್ತಾರ. ಇದೊಂದ ಸುಸೂತ್ರ ಆದ್ರ ಸಾಕಾಗೇತಿ" ಎಂದರು.

ಮಾಲಕರು ಅವರ ಪತ್ರಿಕೆಯ ಕೊನೆಯಲ್ಲಿ ಒಂದು ಹೆಸರು ತಿದ್ದಿ ಲಕೋಟೆ ತರಲು ಒಳಗೆ ಹೋದರು. ತಿರುಗುಣಿ ಎಡಕ್ಕೇ ಉಳಿಯಿತು. ನಾನು ಬಲಗಡೆಯದರ ಮುಂದೆ ಕುಳಿತು ಅಪ್ಪನ ಕಾರ್ಡಿನ ನಾಲ್ಕು ಸಾಲು ಹೊಡೆದೆ. ಅಂದು ಪರದೆ ನೋಡದೆ ಇದ್ದದ್ದು ಸೊಕ್ಕಿನಿಂದಲ್ಲ. ಅಪ್ಪನ ಹೆಸರಿನ ಹಿಂದೆ ಲಿಂಗೈಕ್ಯ ಎಂಬುದನ್ನು ಕಣ್ಣಾರೆ ನೋಡುವ ಧೈರ್ಯ ನನಗಿರಲಿಲ್ಲ. ಮುಗಿಸಿ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ. ಬರುವಷ್ಟರಲ್ಲಿ ಮಾಲಕರು ಇನ್ನೊಮ್ಮೆ ಓದದೆ ಲಗ್ನಪತ್ರಿಕೆಯ ಪ್ರತಿ ತೆಗೆದು, ಮೂಲೆಗಳಿಗೆ ಅರಿಷಿಣ ಹಚ್ಚಿ ಕೊಟ್ಟಾಗಿತ್ತು. ಕಾಕಾ ಹೊರಟುಹೋಗಿದ್ದರು.

ಬಲಗಡೆಯ ಪರದೆ ಖಾಲಿ ಇತ್ತು. ಎಡಗಡೆಯದರಲ್ಲಿ, ಬಂಧುಗಳ ಹೆಸರುಗಳ ಕೆಳಗೆ, ಅಪ್ಪನ ಹೆಸರು, ಆರಾಧನೆಯ ದಿನ, ನಮ್ಮ ಮನೆಯ ವಿಳಾಸ.

ಮಾಲಕರು ಆ ಸಾಲುಗಳನ್ನು ಅಳಿಸಿ ಮತ್ತೆ ಮುದ್ರಿಸಿದರು. ಹೊಸ ಪ್ರತಿ ತೆಗೆದುಕೊಂಡು ಅವರ ಸ್ಕೂಟರಿನ ಹಿಂದೆ ಕುಳಿತೆ. ಆ ಕಾರ್ಡು ಬೀಗರ ಕೈ ಸೇರಿದರೆ ಆ ಹುಡುಗಿಯ ಗತಿ ಏನು ಎಂಬುದೊಂದೇ ದಾರಿಯುದ್ದಕ್ಕೂ ತಲೆಯಲ್ಲಿತ್ತು. ನನ್ನ ಮೇಲೆ ನನಗೇ ಹೇಸಿಕೆಯಾಗಿತ್ತು.

ಕಾಕಾ ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕುಳಿತಿದ್ದರು. ಪತ್ರಿಕೆಗೆ ಕುಂಕುಮ ಬಿದ್ದಾಗಿತ್ತು. ನಾನು ನಿಂತಲ್ಲೇ ಎಲ್ಲ ಹೇಳಿದೆ. ಅವರು ಚಷ್ಮಾ ಹಾಕಿಕೊಂಡು ಕೊನೆಯವರೆಗೂ ಓದಿದರು.

"ಯಾರವಾ ಇವರು?"

"ನಮ್ಮಪ್ಪಾರ್ರಿ ಕಾಕಾರ. ನಾಕ ದಿನ ಆತ್ರಿ."

ಅವರು ಆ ಸಾಲುಗಳನ್ನು ಇನ್ನೊಮ್ಮೆ ಓದಿದರು. ಬೈದಿದ್ದರೆ ಚೆನ್ನಾಗಿತ್ತು ಅನಿಸಿತು. ಕೊನೆಗೆ ಹೊಸ ಪ್ರತಿ ಇಸಿದುಕೊಂಡು ಒಳಗೆ ಹೋಗಿ, ಮತ್ತೆ ಪೂಜೆ ಮಾಡಿಸಿ ತಂದರು. "ಹಲಗೇರಿಗೆ ಇದ ಹೋಗ್ತೈತಿ. ಆ ಮಾತ ನಮ್ಮ ಮೂರೂ ಮಂದ್ಯಾಗ ಇರ್ಲಿ" ಎಂದರು. ಹಳೆಯ ಪ್ರತಿಗೆ ನಾನು ಕೈ ಚಾಚಿದೆ. ದೇವರ ಮುಂದಿಟ್ಟಿದ್ದನ್ನು ಹರಿಯಬಾರದು ಎಂದು ಮಡಚಿ ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡರು. ಅದು ಯಾರ ಕಣ್ಣಿಗಾದರೂ ಬಿದ್ದರೆ ಎಂಬ ಅಂಜಿಕೆ ಒಂದು ವಾರ ನನ್ನನ್ನು ಬಿಡಲಿಲ್ಲ.

ಆರಾಧನೆಯ ದಿನ ಮಧ್ಯಾಹ್ನ ಪಂಕ್ತಿಗೆ ನೀರು ಹಾಕುತ್ತಿದ್ದೆ. ಬಾಗಿಲಲ್ಲಿ ಕಾಕಾ ನಿಂತಿದ್ದರು. ಮನೆಯಲ್ಲಿ ಲಗ್ನ ಇಟ್ಟುಕೊಂಡವರು ಸತ್ತವರ ಮನೆಯ ಊಟಕ್ಕೆ ಕಾಲಿಡುವುದಿಲ್ಲ, ನಮ್ಮ ಕಡೆ ಕೂಸಿಗೂ ಗೊತ್ತಿರುವ ಮಾತು.

"ನೀವ್ಯಾಕ ಬಂದ್ರಿ ಕಾಕಾರ, ಲಗ್ನದ ಮನಿಯವರು..." ನಾನು ನೀರಿನ ತಂಬಿಗೆ ಕೆಳಗಿಟ್ಟೆ.

ಅವರು ಅಪ್ಪನ ಫೋಟೋಕ್ಕೆ ಹೂವೇರಿಸಿ, ಆ ಹಳೆಯ ಪ್ರತಿ ಇದ್ದ ಕಿಸೆ ಮುಟ್ಟಿ ತೋರಿಸಿದರು.

"ಪತ್ರಿಕಿ ಕೈಗೆ ಮುಟ್ಟೈತಲ್ಲವಾ. ಬರಲಾರದ ಹ್ಯಾಂಗಿರ್ಲಿ?"

ಎಲೆ ಹಾಕಿದೆ. ಕುಳಿತು ಉಂಡರು.